ಇಲಿ ಸ್ಪ್ಲೀನ್‌ನ 41,212 ಸೆಲ್, ಒಂದು ಎಐ ಅಸಿಸ್ಟೆಂಟ್, ನಾಲ್ಕು ವಾರ: ಏನೇನ್ ಮಾಡ್ದೆ, ಎಲ್ಲೆಲ್ಲಿ ತಪ್ಪಾಯ್ತು

ನಾನು ಮೈಸೂರಲ್ಲಿ ಪಿಎಚ್‌ಡಿ ಎರಡನೇ ವರ್ಷ, ಮನೆ ಮಂಡ್ಯ, ದಿನಾ ಟ್ರೈನಲ್ಲೇ ಓಡಾಟ. ಲ್ಯಾಬಲ್ಲಿ ಕೈಯಿಂದ ಮಾಡೋ ಕೆಲಸ ಎಲ್ಲಾ ಬರುತ್ತೆ, ಪೈಥಾನ್ ಅಂದ್ರೆ ಒಂದು ವರ್ಕ್‌ಶಾಪಲ್ಲಿ ಕಲ್ತಿದ್ದಷ್ಟೇ. ಮೇ ಕೊನೇಲಿ ನಮ್ ಮೇಡಂ ಒಂದು ಹಾರ್ಡ್ ಡಿಸ್ಕ್ ಕೊಟ್ಟು, ಆರು ಇಲಿ ಸ್ಪ್ಲೀನ್‌ದು ಸಿಂಗಲ್ ಸೆಲ್ ಡೇಟಾ ಇದೆ, ಮೂರು ಕಂಟ್ರೋಲ್, ಮೂರು ಟ್ರೀಟೆಡ್, ನೋಡಮ್ಮ ಅಂದ್ರು. ಸ್ಪ್ಲೀನ್ ಅಂದ್ರೆ ಗುಲ್ಮ, ಸಿಂಗಲ್ ಸೆಲ್ ಡೇಟಾ ಅಂದ್ರೆ ಒಂದೊಂದು ಸೆಲ್ಲಲ್ಲೂ ಯಾವ ಜೀನ್ ಎಷ್ಟು ಕೆಲಸ ಮಾಡ್ತಿದೆ ಅಂತ ಎಣಿಸಿರೋ ಟೇಬಲ್. ಟ್ರೀಟ್ಮೆಂಟ್ ಏನು ಅಂತ ಇಲ್ಲಿ ಹೇಳೋ ಹಾಗಿಲ್ಲ, ಪೇಪರ್ ಇನ್ನೂ ಬರೆದಿಲ್ಲ. ಅನಲಿಸಿಸ್ ಮಾಡಿಕೊಡೋರು ನಮ್ಮಲ್ಲಿ ಯಾರೂ ಇಲ್ಲ, ಅದಕ್ಕೆ ಎಐ ಅಸಿಸ್ಟೆಂಟ್ ಜೊತೆ ಮಾತಾಡ್ಕೊಂಡು ನಾನೇ ಮಾಡೋದು ಅಂತ ಆಯ್ತು. ನನ್ ತರಾನೇ ಲ್ಯಾಬಿಂದ ಈ ಕಡೆ ಬರ್ತಿರೋರಿಗೆ ಉಪಯೋಗ ಆಗ್ಲಿ ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದನ್ನ ದಿನಾಂಕದ ಪ್ರಕಾರ ಹಾಕ್ತಿದೀನಿ.

ಸಾಮಾನು: ಐ5 ಲ್ಯಾಪ್‌ಟಾಪ್, 8 ಜಿಬಿ ರ್‍ಯಾಮ್. ಜುಪಿಟರ್ ನೋಟ್‌ಬುಕ್ (ಕೋಡ್ ಬರೆದು ಓಡಿಸೋ ಜಾಗ), ಸ್ಕ್ಯಾನ್‌ಪೈ (ಇಂಥ ಡೇಟಾಗೆ ಇರೋ ಪೈಥಾನ್ ಟೂಲ್). ಅಸಿಸ್ಟೆಂಟ್ ಮೊದಲ ವಾರ ಫ್ರೀ, ಆಮೇಲೆ ಒಂದು ತಿಂಗಳಿಗೆ ಹತ್ರ ಹತ್ರ 2,000 ರೂಪಾಯಿ ಕಟ್ಟಿದೆ. ಮೇಡಂ ಮೊದಲನೇ ದಿನವೇ ಒಂದು ಕಟ್ಟುನಿಟ್ಟು ಹಾಕಿದ್ರು, ಡೇಟಾ ಫೈಲ್ ಯಾವುದೂ ಚಾಟಿಗೆ ಅಪ್‌ಲೋಡ್ ಮಾಡೋ ಹಾಗಿಲ್ಲ. ಹಾಗಾಗಿ ನಾನು ಏನ್ ಬೇಕು ಅಂತ ಬರೆಯೋದು, ಅದು ಕೋಡ್ ಕೊಡೋದು, ನನ್ ಲ್ಯಾಪ್‌ಟಾಪಲ್ಲಿ ಓಡಿಸೋದು, ಎರರ್ ಬಂದ್ರೆ ಎರರ್ ಮಾತ್ರ, ಟೇಬಲ್ ಬಂದ್ರೆ ಮೇಲಿನ ಒಂದೆರಡು ಸಾಲು ಮಾತ್ರ ವಾಪಸ್ ಪೇಸ್ಟ್ ಮಾಡೋದು. ಹೀಗೇ ನಡೀತು ಕೊನೇವರೆಗೂ.

ಜೂನ್ 7, ಶನಿವಾರ

ನೇರ ನಮ್ ಡೇಟಾಗೆ ಕೈ ಹಾಕ್ಲಿಲ್ಲ. ಉತ್ತರ ಗೊತ್ತಿರೋ ಲೆಕ್ಕ ಒಂದು ಮೊದಲು ಮಾಡ್ಸಿ ನೋಡೋಣ ಅಂತ ಈ ತರ ಡೇಟಾ ತೆಗೆಯೋ ಮೆಷಿನ್ ಮಾಡೋ ಟೆನ್‌ಎಕ್ಸ್ ಕಂಪನಿ ಫ್ರೀಯಾಗಿ ಬಿಟ್ಟಿರೋ ಪಿಬಿಎಂಸಿ 3ಕೆ ಡೇಟಾ ತಗೊಂಡೆ. ಆರೋಗ್ಯವಂತ ಮನುಷ್ಯರೊಬ್ಬರ ರಕ್ತದ 2,700 ಸೆಲ್, 32,738 ಜೀನ್, ಈ ಫೀಲ್ಡಿಗೆ ಬರೋರೆಲ್ಲಾ ಇದರಲ್ಲೇ ಕೈ ಪಳಗಿಸ್ಕೊಳ್ಳೋದು. ಸ್ಕ್ಯಾನ್‌ಪೈ ಟ್ಯುಟೋರಿಯಲ್ ಪ್ರಕಾರ ಕಮ್ಮಿ ಅಂದ್ರೆ 3 ಸೆಲ್ಲಲ್ಲಾದ್ರೂ ಕಾಣಿಸಿರೋ ಜೀನ್ ಮಾತ್ರ ಇಟ್ಕೊಂಡ್ರೆ 13,714 ಉಳಿಬೇಕು, 2,500ಕ್ಕಿಂತ ಜಾಸ್ತಿ ಜೀನ್ ಇರೋವು, ಮೈಟೋಕಾಂಡ್ರಿಯಾ ಜೀನ್ (ಜಾಸ್ತಿ ಇದ್ರೆ ಸತ್ತಿರೋ ಸೆಲ್ಲಿನ ಗುರುತು) 5 ಪರ್ಸೆಂಟ್ ದಾಟಿರೋವು ತೆಗೆದ್ರೆ 2,638 ಸೆಲ್ ಉಳಿಬೇಕು. ಅಸಿಸ್ಟೆಂಟ್ ಕೊಟ್ಟ ಕೋಡ್ ಓಡಿಸಿದೆ, ಎರಡೂ ನಂಬರ್ ಕರೆಕ್ಟಾಗಿ ಬಂತು. ಒಟ್ಟು 40 ನಿಮಿಷ, ಅದರಲ್ಲಿ ಅರ್ಧ ಇನ್‌ಸ್ಟಾಲ್‌ಗೇ ಹೋಯ್ತು.

ಕನ್ನಡದಲ್ಲೇ ಕೇಳಿದ್ರೂ ಉತ್ತರ ಕೊಡುತ್ತೆ, ಆದ್ರೆ ಕೋಶ, ವಂಶವಾಹಿ, ಅಭಿವ್ಯಕ್ತಿ ಅಂತ ಶುರು ಮಾಡಿದಾಗ ನನಗೇ ಎರಡೆರಡು ಸಲ ಓದಬೇಕಾಯ್ತು. ಸೆಲ್, ಜೀನ್, ಕ್ಲಸ್ಟರ್ ಅಂತಾನೇ ಬರಿ, ಮಿಕ್ಕಿದ್ದು ಕನ್ನಡದಲ್ಲಿರಲಿ ಅಂತ ಹೇಳಿದ ಮೇಲೆ ಸರಿಹೋಯ್ತು.

ಜೂನ್ 8, ಭಾನುವಾರ: ಮೊದಲ ತಪ್ಪು

ಕ್ಲಸ್ಟರ್, ಅಂದ್ರೆ ಒಂದೇ ತರ ಜೀನ್ ಕೆಲಸ ಮಾಡ್ತಿರೋ ಸೆಲ್ಲಿನ ಗುಂಪು, ಎಂಟು ಬಂದ್ವು. ಇವಕ್ಕೆ ಹೆಸರಿಡು ಅಂದೆ. ತಕ್ಷಣ ಎಂಟು ಹೆಸರಿನ ಲಿಸ್ಟ್ ಕೊಡ್ತು, ಸಿಡಿ4 ಟಿ ಸೆಲ್, ಮೊನೊಸೈಟ್, ಬಿ ಸೆಲ್, ಎನ್‌ಕೆ, ಹೀಗೆ ರಕ್ತದ ಸೆಲ್ಲಿನ ವಿಧಗಳು. ಹಾಕಿದೆ, ಪ್ಲಾಟ್ ತುಂಬಾ ಚೆನ್ನಾಗಿ ಬಂತು. ಸಂಜೆ ಸುಮ್ನೆ ಒಂದ್ಸಲ ಎಂಎಸ್4ಎ1 ಜೀನ್ ಎಲ್ಲಿ ಹೊಳೆಯುತ್ತೆ ಅಂತ ನೋಡಿದ್ರೆ ಮೊನೊಸೈಟ್ ಅಂತ ಬೋರ್ಡ್ ಹಾಕಿರೋ ಕ್ಲಸ್ಟರಲ್ಲಿ ಹೊಳೀತಿದೆ. ಅದು ಬಿ ಸೆಲ್ಲಿನ ಗುರುತು. ಈ ಕಡೆ ಬಿ ಸೆಲ್ ಅಂತ ಬರೆದಿರೋ ಕಡೆ ಸಿಡಿ14 ಮತ್ತೆ ಎಲ್‌ವೈಜೆಡ್ ತುಂಬಿದೆ, ಅವು ಮೊನೊಸೈಟಿನವು.

ಆಗಿದ್ದೇನು ಅಂದ್ರೆ ನಾನು ಮಾರ್ಕರ್ ಟೇಬಲ್ (ಯಾವ ಕ್ಲಸ್ಟರಿಗೆ ಯಾವ ಜೀನ್ ಗುರುತು ಅನ್ನೋ ಪಟ್ಟಿ) ಪೇಸ್ಟ್ ಮಾಡೇ ಇರ್ಲಿಲ್ಲ. ಇದು ಎಷ್ಟೋ ಕಡೆ ಇರೋ ಟ್ಯುಟೋರಿಯಲ್ ಆದ್ದರಿಂದ ಅಲ್ಲಿನ ಕ್ರಮದಲ್ಲೇ ಹೆಸರು ಹೇಳ್ಬಿಟ್ಟಿದೆ, ನನ್ ಲ್ಯಾಪ್‌ಟಾಪಲ್ಲಿ ವರ್ಷನ್ ಬೇರೆ ಇದ್ದಿದ್ದಕ್ಕೆ 1 ಮತ್ತು 2ನೇ ಕ್ಲಸ್ಟರ್ ಅದಲು ಬದಲಾಗಿತ್ತು. ನನ್ನ ಡೇಟಾದ ಒಂದು ನಂಬರನ್ನೂ ನೋಡದೆ ನನ್ನ ಡೇಟಾ ಬಗ್ಗೆ ಉತ್ತರ ಕೊಟ್ಟಿತ್ತು, ನಾನೂ ಕೇಳೋವಾಗ ಅದನ್ನ ಗಮನಿಸ್ಲಿಲ್ಲ. ಅವತ್ತಿಂದ ಪ್ರತಿ ಕ್ಲಸ್ಟರಿನ ಮೇಲಿನ 15 ಜೀನ್ ಕೊಟ್ಟೇ ಕೇಳೋದು, ಯಾವ ಜೀನ್ ನೋಡಿ ಈ ಹೆಸರು ಕೊಟ್ಟೆ, ಈ ಹೆಸರಿಗೆ ಹೊಂದದೇ ಇರೋ ಜೀನ್ ಯಾವ್ದಿದೆ ಅಂತ ಎರಡನ್ನೂ ಹೇಳಿಸೋದು.

ಜೂನ್ 10ರಿಂದ 12: ಲ್ಯಾಪ್‌ಟಾಪ್ ಸತ್ತಿದ್ದು

ನಮ್ ಡೇಟಾ ಲೋಡ್ ಮಾಡ್ದೆ. ಕಂಟ್ರೋಲ್ ಮೂರರಲ್ಲಿ 7,104, 6,388, 7,215 ಸೆಲ್. ಟ್ರೀಟೆಡ್ ಮೂರರಲ್ಲಿ 6,940, 7,021, 6,544. ಒಟ್ಟು 41,212. ಜೀನ್ 32,285. ಆರೂ ಸೇರಿಸಿ ಒಂದೇ ಆಬ್ಜೆಕ್ಟ್ ಮಾಡೋವರೆಗೂ ಏನೂ ತೊಂದ್ರೆ ಇಲ್ಲ. ಆಮೇಲೆ ಒಂದು ಹಿಸ್ಟೋಗ್ರಾಂ ಕೇಳಿದ್ದಕ್ಕೆ ಅದು ಕೊಟ್ಟ ಕೋಡಲ್ಲಿ ಟು-ಅರೇ ಅಂತ ಒಂದು ಪದ ಇತ್ತು. ಓಡಿಸಿದೆ, ಫ್ಯಾನ್ ಜೋರಾಗಿ ತಿರುಗ್ತು, ಸ್ಕ್ರೀನ್ ಹಾಗೇ ನಿಂತ್ಬಿಡ್ತು, ಬಟನ್ ಒತ್ತಿ ಹಿಡ್ಕೊಂಡು ಆಫ್ ಮಾಡಬೇಕಾಯ್ತು. ಮೂರು ಸಲ ಮಾಡಿದೆ, ಮೂರು ಸಲಾನೂ ಅದೇ.

ಬುಧವಾರ ಟ್ರೈನಲ್ಲಿ ಬರ್ತಾ ಫೋನಲ್ಲೇ ಗುಣಿಸಿ ನೋಡ್ದೆ. 41,212 ಇಂಟು 32,285 ಅಂದ್ರೆ ಸುಮಾರು 133 ಕೋಟಿ ಮನೆ ಇರೋ ಟೇಬಲ್. ಒಂದೊಂದು ಮನೆಗೆ 8 ಬೈಟ್ ಅಂದ್ರೆ 10.6 ಜಿಬಿ. ಮುಕ್ಕಾಲುವಾಸಿ ಮನೆಗಳಲ್ಲಿ ಬರೀ ಸೊನ್ನೆ, ಸೊನ್ನೆ ಬಿಟ್ಟು ಮಿಕ್ಕಿದ್ದು ಮಾತ್ರ ಬರೆದಿಡೋ ಫಾರ್ಮ್ಯಾಟಲ್ಲೇ ಫೈಲ್ ಇತ್ತು, ಆ ಒಂದು ಪದ ಎಲ್ಲಾ ಸೊನ್ನೆನೂ ಬಿಡಿಸಿ ರ್‍ಯಾಮಿಗೆ ಸುರೀತಿತ್ತು. ಲೆಕ್ಕ ಇಟ್ಟು ಕೇಳಿದ ಮೇಲೆ ಅಸಿಸ್ಟೆಂಟ್ ತಕ್ಷಣ ಒಪ್ಕೊಂಡು ಬೇರೆ ಕೋಡ್ ಕೊಡ್ತು. ಮೊದಲೇ ನನ್ ಮೆಷಿನ್ 8 ಜಿಬಿ ಅಂತ ಹೇಳಿದ್ರೆ ಹೀಗಾಗ್ತಿರ್ಲಿಲ್ಲ ಅನ್ಸುತ್ತೆ. ಈಗ ಪ್ರತಿ ಹೊಸ ಚಾಟಿನ ಮೊದಲ ಸಾಲೇ ಅದು: ಇಷ್ಟು ರ್‍ಯಾಮ್, ಇಷ್ಟು ಸೆಲ್, ಸ್ಪಾರ್ಸ್ ಮ್ಯಾಟ್ರಿಕ್ಸ್ (ಆ ಸೊನ್ನೆ ಬಿಟ್ಟ ಫಾರ್ಮ್ಯಾಟ್) ಬಿಡಿಸಬೇಡ.

ಆದ್ರೂ ಮುಂದೆ ಕಷ್ಟ ಆಗುತ್ತೆ ಅಂತ ಗುರುವಾರ ದೇವರಾಜ ಅರಸ್ ರೋಡ್ ಹತ್ರ ಒಂದು ಅಂಗಡೀಲಿ 8 ಜಿಬಿ ಸ್ಟಿಕ್ ಇನ್ನೊಂದು ಹಾಕಿಸ್ದೆ, 1,750 ರೂಪಾಯಿ, ಹಾಕೋದಕ್ಕೆ 100. ಈ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕ ಖರ್ಚು ಇದೇ.

ಜೂನ್ 14ರಿಂದ 17: ಸೊನ್ನೆ ಪರ್ಸೆಂಟ್

ಇದು ನನಗೆ ತುಂಬಾ ಬೇಜಾರಾದ ತಪ್ಪು, ನಾಲ್ಕು ದಿನದ ಕೆಲಸ ವಾಪಸ್ ಮಾಡಬೇಕಾಯ್ತು.

ಸತ್ತಿರೋ, ಒಡೆದಿರೋ ಸೆಲ್ ತೆಗೆಯೋಕೆ ಮೈಟೋಕಾಂಡ್ರಿಯಾ ಜೀನ್ ಎಷ್ಟು ಪರ್ಸೆಂಟ್ ಇದೆ ಅಂತ ನೋಡ್ತಾರೆ. ಪಿಬಿಎಂಸಿಗೆ ಬರೆದ ಕೋಡನ್ನೇ ಇಲಿ ಡೇಟಾಗೆ ಹಾಕ್ಕೊಡು ಅಂದೆ. ಹಾಕ್ಕೊಡ್ತು. ಪ್ಲಾಟಲ್ಲಿ ಆರೂ ಸ್ಯಾಂಪಲ್ಲಿಗೆ ಸೊನ್ನೆ ಮೇಲೆ ಗೆರೆ ಎಳೆದಂಗೆ ಬಂತು. ನಾನು ಅಸಿಸ್ಟೆಂಟ್‌ಗೆ ಇದರ ಅರ್ಥ ಏನು ಅಂದೆ, ಸ್ಯಾಂಪಲ್ ಕ್ವಾಲಿಟಿ ಅತ್ಯುತ್ತಮವಾಗಿದೆ, ಸೆಲ್‌ಗಳು ಒತ್ತಡಕ್ಕೆ ಸಿಕ್ಕಿಲ್ಲ ಅಂತ ಒಂದು ಪ್ಯಾರಾ ಬರೀತು. ನಂಬಿದೆ. ಅದರ ಮೇಲೆ ನಾರ್ಮಲೈಸ್ (ಸೆಲ್ ಸೆಲ್ಲಿಗೂ ಹೋಲಿಸೋ ಹಾಗೆ ಎಣಿಕೆ ಸರಿದೂಗಿಸೋದು), ಪಿಸಿಎ (ಸಾವಿರಾರು ಜೀನನ್ನ ಕೆಲವೇ ಅಂಶಕ್ಕೆ ಇಳಿಸೋದು), ಕ್ಲಸ್ಟರ್ ಎಲ್ಲಾ ಮಾಡಿ ಮಂಗಳವಾರ ಮೇಡಂಗೆ ತೋರಿಸ್ದೆ.

ಮೇಡಂ ಪ್ಲಾಟ್ ನೋಡಿ, "ಅಂಗಾಂಶ ಅರೆದು ಜರಡಿ ಹಿಡಿದು ತೆಗೆದಿರೋ ಸೆಲ್ಲಮ್ಮ ಇವು, ಒಂದರಲ್ಲೂ ಮೈಟೋಕಾಂಡ್ರಿಯಾ ಆರ್‌ಎನ್‌ಎ ಇಲ್ಲ ಅಂದ್ರೆ ಹೇಗೆ?" ಅಂದ್ರು. ಅಷ್ಟೇ ಹೇಳಿದ್ದು. ಹೋಗಿ ಜೀನ್ ಹೆಸರಿನ ಪಟ್ಟಿ ತೆಗೆದು ನೋಡಿದ್ರೆ, ಮನುಷ್ಯನ ಡೇಟಾದಲ್ಲಿ ಈ ಜೀನ್‌ಗಳ ಹೆಸರು ದೊಡ್ಡಕ್ಷರದ ಎಂಟಿ ಹೈಫನ್ನಿಂದ ಶುರು ಆಗುತ್ತೆ, ಇಲಿಯಲ್ಲಿ ಅದೇ ಸಣ್ಣಕ್ಷರದಲ್ಲಿ. ಕೋಡ್ ದೊಡ್ಡಕ್ಷರ ಹುಡುಕ್ತಿತ್ತು, ಒಂದೂ ಸಿಕ್ಕಿಲ್ಲ, ಎರರೂ ಬಂದಿಲ್ಲ, ಎಲ್ಲಾ ಸೊನ್ನೆ.

ಈಗ ನಾನು ಮಾಡೋ ಚೆಕ್ ಒಂದೇ ಸಾಲು: ಮೈಟೋಕಾಂಡ್ರಿಯಾ ಜೀನ್ ಅಂತ ಎಷ್ಟು ಸಿಕ್ತು ಅಂತ ಎಣಿಸೋದು. ಮೈಟೋಕಾಂಡ್ರಿಯಾದಲ್ಲಿ ಪ್ರೋಟೀನ್ ಮಾಡೋ ಜೀನ್ 13, ಮನುಷ್ಯನಿಗೂ ಇಲಿಗೂ ಅಷ್ಟೇ. ನಮ್ ಡೇಟಾದಲ್ಲಿ 13 ಬರಬೇಕು, ಬಂತು. ಸರಿ ಮಾಡಿದ ಮೇಲೆ ನಡುಮಧ್ಯದ ಸೆಲ್ ಸುಮಾರು 3 ಪರ್ಸೆಂಟಲ್ಲಿತ್ತು, ಬಾಲ 40 ಪರ್ಸೆಂಟ್ ದಾಟಿತ್ತು. 5 ಪರ್ಸೆಂಟಲ್ಲೇ ಕತ್ತರಿಸಬೇಕು ಅಂತೇನಿಲ್ಲ, ಪ್ಲಾಟ್ ನೋಡಿ 10ಕ್ಕೆ ಇಟ್ಟೆ. 38,906 ಸೆಲ್ ಉಳೀತು. ಅಂದ್ರೆ 2,306 ಕೆಟ್ಟ ಸೆಲ್ಲನ್ನ ಅತ್ಯುತ್ತಮ ಕ್ವಾಲಿಟಿ ಅಂತ ಒಳಗೆ ಇಟ್ಕೊಂಡಿದ್ದೆ.

ಇದೇ ವಾರ ಇನ್ನೊಂದು ಸಣ್ಣದು. ಚಾಟ್ ಉದ್ದ ಆಯ್ತು ಅಂತ ಹೊಸ ಚಾಟ್ ತೆಗೆದ್ರೆ ಅದಕ್ಕೆ ಹಿಂದಿಂದು ಗೊತ್ತಿಲ್ಲ, ಇನ್ನೊಂದ್ಸಲ ನಾರ್ಮಲೈಸ್ ಮಾಡಿ ಲಾಗ್ ತಗೊಳ್ಳೋ ಕೋಡ್ ಕೊಡ್ತು. ಡೇಟಾ ಈಗಾಗ್ಲೇ ಲಾಗ್ ಆಗಿರೋ ಹಾಗಿದೆ ಅಂತ ಸ್ಕ್ಯಾನ್‌ಪೈ ವಾರ್ನಿಂಗ್ ಕೊಟ್ಟಿತ್ತು, ಆ ಪೆಟ್ಟಿಗೆ ಓದದೆ ಸ್ಕ್ರೋಲ್ ಮಾಡ್ಬಿಟ್ಟಿದ್ದೆ. ಮೂಲ ಎಣಿಕೆನ ಕೌಂಟ್ಸ್ ಅಂತ ಬೇರೆ ಲೇಯರಲ್ಲಿ ಎತ್ತಿಡಿ, ಯಾವಾಗ ಏನಾದ್ರೂ ವಾಪಸ್ ಹೋಗ್ಬಹುದು.

ಜೂನ್ 20, ಶುಕ್ರವಾರ: ಇಲ್ಲದೇ ಇರೋ ಸೆಲ್

ಟೆನ್‌ಎಕ್ಸ್ ಮೆಷಿನ್ ಒಂದೊಂದು ಸೆಲ್ಲನ್ನೂ ಒಂದೊಂದು ಹನಿಯಲ್ಲಿ ಹಿಡಿದು ಅದಕ್ಕೊಂದು ಬಾರ್‌ಕೋಡ್ ಹಾಕುತ್ತೆ. ಒಂದು ಹನಿಯಲ್ಲಿ ಎರಡು ಸೆಲ್ ಸಿಕ್ಕಾಕೊಂಡ್ರೆ ಅದನ್ನ ಡಬ್ಲೆಟ್ ಅಂತಾರೆ. ಟೆನ್‌ಎಕ್ಸಲ್ಲಿ ಸಾವಿರ ಸೆಲ್ಲಿಗೆ ಸುಮಾರು 0.8 ಪರ್ಸೆಂಟ್ ಲೆಕ್ಕ, ನಮ್ದು ಒಂದೊಂದು ಸ್ಯಾಂಪಲ್ 7,000 ಹತ್ರ ಇರೋದ್ರಿಂದ 5 ಪರ್ಸೆಂಟ್ ಮೇಲೆ ನಿರೀಕ್ಷೆ ಮಾಡಬೇಕು. ಅಸಿಸ್ಟೆಂಟ್ ಡಬ್ಲೆಟ್ ಹುಡುಕೋ ಸ್ಕ್ರಬ್ಲೆಟ್ ಟೂಲ್ ಹಾಕ್ಕೊಡ್ತು, ಆದ್ರೆ ಆರು ಸ್ಯಾಂಪಲ್ ಒಟ್ಟು ಸೇರಿಸಿರೋದ್ರ ಮೇಲೆ. ಕಂಟ್ರೋಲ್ 1ರ ಸೆಲ್ಲೂ ಟ್ರೀಟೆಡ್ 3ರ ಸೆಲ್ಲೂ ಒಂದೇ ಹನಿಗೆ ಬೀಳೋಕೆ ಆಗಲ್ವಲ್ಲ, ಬೇರೆ ಬೇರೆಯಾಗಿ ಮೆಷಿನಲ್ಲಿ ಓಡಿಸಿರೋವು ಅವು. ಸ್ಯಾಂಪಲ್ ಬೇರೆ ಬೇರೆ ಮಾಡಿ ಓಡಿಸ್ದಾಗ 1,874 ಸಿಕ್ತು, ತೆಗೆದೆ. 37,032 ಉಳೀತು.

ಇದು ಹೇಗೆ ಗೊತ್ತಾಯ್ತು ಅಂದ್ರೆ, ಸೇರಿಸಿ ಓಡಿಸಿದ್ದಾಗ 9ನೇ ಕ್ಲಸ್ಟರಲ್ಲಿ ಸಿಡಿ79ಎನೂ ಇತ್ತು ಸಿಡಿ3ಇನೂ ಇತ್ತು. ಮೊದಲನೇದು ಬಿ ಸೆಲ್ಲಿಂದು, ಎರಡನೇದು ಟಿ ಸೆಲ್ಲಿಂದು. ಅಸಿಸ್ಟೆಂಟ್ ಇದನ್ನ ಎರಡೂ ಗುಣ ಇರೋ ವಿಶೇಷ ಸೆಲ್ ಗುಂಪು, ಟ್ರೀಟ್ಮೆಂಟಿಂದ ಹುಟ್ಟಿರಬಹುದು ಅಂತ ಹೇಳ್ತು. ಓದಿದಾಗ ಮೈ ಜುಮ್ ಅಂತು, ಹೊಸದೇನೋ ಸಿಕ್ತು ಅಂತ. ಆಮೇಲೆ ಆ ಕ್ಲಸ್ಟರಿನ ಒಟ್ಟು ಎಣಿಕೆ ತೆಗೆದ್ರೆ ಸರಾಸರಿ 9,800, ಪಕ್ಕದ ಬಿ ಸೆಲ್ಲಲ್ಲಿ 4,700. ಹೆಚ್ಚುಕಮ್ಮಿ ಎರಡರಷ್ಟು. ಎರಡು ಸೆಲ್ಲಿನ ಆರ್‌ಎನ್‌ಎ ಒಂದೇ ಬಾರ್‌ಕೋಡಲ್ಲಿ. ಸ್ಯಾಂಪಲ್ ಪ್ರಕಾರ ಓಡಿಸಿದ ಮೇಲೆ ಆ ಕ್ಲಸ್ಟರ್ ಪೂರ್ತಿ ಖಾಲಿ ಆಯ್ತು.

ಅವತ್ತು ರಾತ್ರಿ ಒಂದು ಪರೀಕ್ಷೆ ಮಾಡ್ದೆ, ಇದನ್ನ ನೀವೂ ನಿಮ್ ಟೂಲ್ ಮೇಲೆ ಮಾಡಿ ನೋಡ್ಬೇಕು. ಜೀನ್ ಪಟ್ಟಿಯಿಂದ ಲಾಟರಿ ಎತ್ತಿದಂಗೆ 20 ಜೀನ್ ಆರಿಸಿ, ಇದು ಒಂದು ಕ್ಲಸ್ಟರಿನ ಮಾರ್ಕರ್, ಯಾವ ಸೆಲ್ ಹೇಳು ಅಂದೆ. ಐದು ಸಲ ಮಾಡಿದ್ರಲ್ಲಿ ನಾಲ್ಕು ಸಲ ಒಂದು ಸೆಲ್ಲಿನ ಹೆಸರು, ಅದಕ್ಕೆ ಕಾರಣ, ಎಲ್ಲಾ ಕೊಡ್ತು. ಅದೇ ಐದು ಪಟ್ಟಿನ, ಆಧಾರ ಸಾಲ್ದೆ ಇದ್ರೆ ಗೊತ್ತಿಲ್ಲ ಅನ್ನು ಅಂತ ಒಂದು ಸಾಲು ಸೇರಿಸಿ ಕೊಟ್ರೆ ಐದರಲ್ಲಿ ನಾಲ್ಕು ಸಲ ಗೊತ್ತಿಲ್ಲ ಅಂತು. 2024ರಲ್ಲಿ ನೇಚರ್ ಮೆಥಡ್ಸ್ ಜರ್ನಲ್ಲಲ್ಲಿ ಜಿಪಿಟಿ-4ಗೆ ಮಾರ್ಕರ್ ಕೊಟ್ಟು ಸೆಲ್ ಹೆಸರಿಡಿಸಿ ಪರೀಕ್ಷೆ ಮಾಡಿರೋ ಪೇಪರ್ ಬಂದಿದೆ, ತಜ್ಞರ ಹೆಸರುಗಳಿಗೆ ಚೆನ್ನಾಗೇ ಹೊಂದುತ್ತೆ ಅಂತ. ಒಳ್ಳೇ ಮಾರ್ಕರ್ ಕೊಟ್ಟಾಗ ನನ್ನ ಅನುಭವಾನೂ ಅದೇ. ಎನ್‌ಸಿಆರ್1 ನೋಡಿ ಎನ್‌ಕೆ ಅಂತು, ಸಿ1ಕ್ಯೂಎ ಮತ್ತೆ ವಿಸಿಎಎಂ1 ನೋಡಿ ರೆಡ್ ಪಲ್ಪ್ ಮ್ಯಾಕ್ರೋಫೇಜ್ ಅಂತು, ಎಲ್ಲಾ ಸರಿ. ತೊಂದ್ರೆ ಬರೋದು ಕೊಟ್ಟಿರೋ ಪಟ್ಟಿನೇ ಕೆಟ್ಟಿದ್ದಾಗ.

ಜೂನ್ 27, ಮೊದಲ ಆಷಾಢ ಶುಕ್ರವಾರ

ಅಮ್ಮ, ಚಿಕ್ಕಮ್ಮ ಎಲ್ಲಾ ಬೆಟ್ಟಕ್ಕೆ ಹೋಗಿದ್ರು, ನಾನು ಮನೇಲೇ ಕೂತಿದ್ದೆ, ಯಾಕಂದ್ರೆ ಅವತ್ತು ಮುಖ್ಯ ಪ್ರಶ್ನೆಗೆ ಬಂದಿದ್ದೆ: ಟ್ರೀಟ್ಮೆಂಟಿಂದ ಬಿ ಸೆಲ್ಲಲ್ಲಿ ಯಾವ ಜೀನ್ ಬದಲಾಯ್ತು? ಅಸಿಸ್ಟೆಂಟ್ ವಿಲ್ಕಾಕ್ಸನ್ ಟೆಸ್ಟ್ (ಎರಡು ಗುಂಪಿನ ವ್ಯತ್ಯಾಸ ನೋಡೋ ಲೆಕ್ಕ) ಹಾಕ್ಕೊಡ್ತು. ಒಂದು ಕಡೆ ಟ್ರೀಟೆಡ್ ಬಿ ಸೆಲ್ ಎಲ್ಲಾ, ಇನ್ನೊಂದು ಕಡೆ ಕಂಟ್ರೋಲ್ ಬಿ ಸೆಲ್ ಎಲ್ಲಾ. 2,914 ಜೀನ್ ಪಾಸ್! ಪಿ ವ್ಯಾಲ್ಯೂಗಳು (ವ್ಯತ್ಯಾಸ ಇಲ್ದೆನೂ ಆಕಸ್ಮಿಕವಾಗಿ ಹೀಗೆ ಬರೋ ಸಾಧ್ಯತೆ) ಸೊನ್ನೆ ಆದ್ಮೇಲೆ ನೂರಾರು ಸೊನ್ನೆ. ಪಟ್ಟಿಯ ತುದೀಲಿ ಎಕ್ಸಿಸ್ಟ್ ಅನ್ನೋ ಜೀನ್.

ಇದನ್ನ ವಿವರಿಸು ಅಂದೆ. ಎಕ್ಸ್ ಕ್ರೋಮೋಸೋಮಲ್ಲಿ ರೋಗನಿರೋಧಕ ಜೀನ್ ಬಹಳ ಇವೆ, ಟ್ರೀಟ್ಮೆಂಟ್ ಎಕ್ಸಿಸ್ಟ್ ಮೂಲಕ ಬಿ ಸೆಲ್ ನಿಯಂತ್ರಣ ಮಾಡ್ತಿರಬಹುದು ಅಂತ ಮುಕ್ಕಾಲು ಪುಟ ಬರೀತು. ಓದೋಕೆ ಪೇಪರಿನ ಡಿಸ್ಕಷನ್ ಭಾಗದ ಹಾಗೇ ಇತ್ತು. ನಾನು ಅದನ್ನ ಕಾಪಿ ಮಾಡಿ ಫೈಲಲ್ಲಿ ಇಟ್ಕೊಂಡೂ ಬಿಟ್ಟೆ.

ಮಧ್ಯಾಹ್ನ ಊಟ ಮಾಡ್ತಾ ಇರೋವಾಗ ತಲೇಲಿ ಓಡ್ತು. ಎಕ್ಸಿಸ್ಟ್ ಹೆಣ್ಣಲ್ಲಿ ಕೆಲಸ ಮಾಡೋ ಜೀನ್, ಎರಡು ಎಕ್ಸಲ್ಲಿ ಒಂದನ್ನ ಸುಮ್ಮನಾಗಿಸೋದು ಅದರ ಕೆಲಸ. ಗಂಡಿಲಿಯ ಸ್ಪ್ಲೀನಲ್ಲಿ ಅದಕ್ಕೇನು ಕೆಲಸ? ನಮ್ಗೆ ಕೊಟ್ಟಿದ್ದ ಶೀಟಲ್ಲಿ ಆರೂ ಗಂಡು ಅಂತಿತ್ತು. ಕೈ ತೊಳ್ಕೊಂಡು ಬಂದು ಈ ಸಲ ಅಸಿಸ್ಟೆಂಟ್‌ಗೆ ವಿವರಣೆ ಕೇಳ್ಲಿಲ್ಲ, ಬರೀ ಎಣಿಕೆ ಕೇಳ್ದೆ: ಒಂದೊಂದು ಇಲಿಯಲ್ಲಿ ಎಕ್ಸಿಸ್ಟ್ ಎಷ್ಟು, ವೈ ಕ್ರೋಮೋಸೋಮಿನ ಡಿಡಿಎಕ್ಸ್3ವೈ ಮತ್ತೆ ಯುಟಿವೈ ಎಷ್ಟು, ಟೇಬಲ್ ಮಾಡೋ ಕೋಡ್ ಕೊಡು. ಹತ್ತು ಸೆಕೆಂಡ್. ಐದು ಇಲಿಯಲ್ಲಿ ಎಕ್ಸಿಸ್ಟ್ ಸೊನ್ನೆ ಹತ್ರ, ವೈ ಜೀನ್ ಇದೆ. ಟ್ರೀಟೆಡ್ 2ರಲ್ಲಿ ಎಕ್ಸಿಸ್ಟ್ ತುಂಬಿದೆ, ವೈ ಜೀನ್ ಇಲ್ಲ. ಅದು ಹೆಣ್ಣು.

ಮೇಡಂಗೆ ಫೋನ್ ಮಾಡ್ದೆ, ಅವ್ರು ಇಲಿ ಕೊಟ್ಟ ಕಡೆ ವಿಚಾರಿಸಿದ್ರು, ಸೋಮವಾರ ಉತ್ತರ ಬಂತು, ಬೋನಿನ ಚೀಟಿ ಬರೆಯೋವಾಗ ಅದಲು ಬದಲಾಗಿದೆ ಅಂತ. ನಾನು ಆ ಮುಕ್ಕಾಲು ಪುಟ ಅಳಿಸ್ದೆ. ಎಂಥಾ ಪಟ್ಟಿ ಕೊಟ್ರೂ ಅದಕ್ಕೊಂದು ಚೆಂದದ ಕಾರಣ ಅದು ಹೇಳುತ್ತೆ, ಅದಕ್ಕೇ ಈಗ ನಾನು ಕಾರಣ ಕೇಳೋಕೆ ಮುಂಚೆ ಇಲಿ ಇಲಿಗೂ ಎಣಿಕೆ ತೆಗೆಸಿ ಕಣ್ಣಲ್ಲಿ ನೋಡ್ತೀನಿ.

ಜೂನ್ 29, ಭಾನುವಾರ: ಗದ್ದೆ ಎಷ್ಟು

ಒಂದೇ ಒಂದು ಇಲಿ ಹೇಗೆ ಪಟ್ಟಿಯ ತುದಿಗೆ ಒಂದು ಜೀನನ್ನ ತಂದು ಕೂರಿಸ್ತು ಅನ್ನೋದೇ ಎರಡು ದಿನ ತಲೆ ತಿಂತು. ಅಪ್ಪ ಕಬ್ಬಿನ ಗದ್ದೆ ಕಡೆಯಿಂದ ಬಂದು ಕೂತಿದ್ರು, ಏನ್ ಯೋಚ್ನೆ ಅಂದ್ರು. ಹೊಸ ಗೊಬ್ಬರ ಮೂರು ಗದ್ದೆಗೆ ಹಾಕಿದೀವಿ, ಹಾಕ್ದೆ ಇರೋದು ಮೂರು, ಒಂದೊಂದು ಗದ್ದೇಲೂ ಸಾವಿರಾರು ಜಲ್ಲೆ ಅಳೆದು ಲೆಕ್ಕ ಮಾಡಿದೀನಿ ಅಂದ್ಕೊಳ್ಳಿ ಅಂತ ಹೇಳ್ದೆ.

"ಅಲ್ಲ ಕಣವ್ವ, ಜಲ್ಲೆ ಎಷ್ಟ್ ಅಳುದ್ರೂ ಗದ್ದೆ ಆರೇ ತಾನೆ. ಅದ್ರಲ್ ಒಂದು ನಾಲೆ ಪಕ್ಕದ್ದಾಗಿದ್ರೆ ಅದ್ರ ಜಲ್ಲೆ ಎಲ್ಲಾ ದಪ್ಪನೇ ಇರ್ತವೆ, ಗೊಬ್ಬರ ಹಾಕು ಬುಡು."

ಅಷ್ಟೇ ವಿಷಯ. ವಿಲ್ಕಾಕ್ಸನ್ ಟೆಸ್ಟ್ ಪ್ರತಿ ಸೆಲ್ಲನ್ನೂ ಬೇರೆ ಬೇರೆ ಇಲಿ ಅನ್ನೋ ಹಾಗೆ ಲೆಕ್ಕ ಹಿಡಿದಿತ್ತು. ಇದಕ್ಕೆ ಸೂಡೋಬಲ್ಕ್ ಅಂತ ಮಾಡ್ತಾರೆ, ಒಂದು ಇಲಿಯ ಬಿ ಸೆಲ್ ಎಲ್ಲದರ ಮೂಲ ಎಣಿಕೆ ಕೂಡಿಸಿ ಒಂದು ಕಾಲಂ, ಆರು ಇಲಿಗೆ ಆರು ಕಾಲಂ, ಅದರ ಮೇಲೆ ಡೀಸೀಕ್2 ಅನ್ನೋ ಟೂಲ್. ಸೂಡೋಬಲ್ಕ್ ಬೇಕು ಅಂತ ಹೆಸರು ಹೇಳಿ ಕೇಳಿದ ತಕ್ಷಣ ಅಸಿಸ್ಟೆಂಟ್ ಸರಿಯಾದ ಕೋಡ್ ಕೊಡ್ತು, ಇಲಿಗಳನ್ನ ರೆಪ್ಲಿಕೇಟ್ ಆಗಿ (ಸೆಲ್ ಅಲ್ಲ, ಇಲಿನೇ ಒಂದೊಂದು ಸ್ಯಾಂಪಲ್ ಅಂತ) ತಗೊಳ್ಳೋದೇ ಒಳ್ಳೇದು ಅಂತ ತಾನೇ ವಿವರಿಸ್ತು. ಗೊತ್ತಿತ್ತು ಅದಕ್ಕೆ. ಶುಕ್ರವಾರ ನಾನು ಕೇಳಿರ್ಲಿಲ್ಲ, ಅದೂ ಹೇಳಿರ್ಲಿಲ್ಲ.

2,914 ಇದ್ದಿದ್ದು 31ಕ್ಕೆ ಇಳೀತು. ಎಕ್ಸಿಸ್ಟ್ ಮುಂದೆ ಪಿ ವ್ಯಾಲ್ಯೂ ಜಾಗ ಖಾಲಿ ಇತ್ತು, ಯಾಕೆ ಅಂದ್ರೆ ಒಂದೇ ಸ್ಯಾಂಪಲ್ ವಿಪರೀತ ಎಳೀತಿರೋ ಜೀನನ್ನ ಆ ಟೂಲ್ ತಾನೇ ಪಕ್ಕಕ್ಕಿಡುತ್ತೆ ಅಂತ ಅಸಿಸ್ಟೆಂಟ್ ಹೇಳ್ತು. ಟೂಲಿನ ಕೈಪಿಡಿ ತೆಗೆದು ನೋಡ್ದೆ, ಹೌದು, ಹಾಗೇ ಇದೆ.

ಜುಲೈ 5, ಶನಿವಾರ: ಈಗ ಎಲ್ಲಿದೆ

ಹೆಣ್ಣಿಲಿನ ಏನ್ ಮಾಡೋದು ಅನ್ನೋದೊಂದು ಉಳೀತು. ಅಸಿಸ್ಟೆಂಟ್ ಸಲಹೆ, ಲಿಂಗಾನೂ ಮಾಡೆಲಲ್ಲಿ ಸೇರಿಸು, ಅದರ ಪ್ರಭಾವ ಕಳೆದುಹೋಗುತ್ತೆ ಅಂತ. ಸೇರಿಸ್ದೆ, ಎರರ್ ಇಲ್ದೆ ಓಡ್ತು. ಆದ್ರೆ ಕಾಗದದ ಮೇಲೆ ಆರು ಸಾಲು ಬರೆದು ನೋಡಿದ್ರೆ, ಹೆಣ್ಣು ಇರೋದು ಒಂದೇ, ಆ ಒಂದು ಇಲಿಯ ವ್ಯತ್ಯಾಸ ಎಲ್ಲಾ ಲಿಂಗದ ಲೆಕ್ಕಕ್ಕೇ ಹೋಗುತ್ತೆ, ಟ್ರೀಟ್ಮೆಂಟ್ ಬಗ್ಗೆ ಆ ಇಲಿ ಏನೂ ಹೇಳಲ್ಲ. ಅದನ್ನ ತೆಗೆದುಹಾಕೋದೂ ಒಂದೇ, ಇದೂ ಒಂದೇ. ಇದನ್ನ ಬರೆದು ಕೇಳಿದ್ದಕ್ಕೆ ಹೌದು ಅಂತು. ತೆಗೆದೇ ಮಾಡ್ದೆ, ಕಂಟ್ರೋಲ್ 3, ಟ್ರೀಟೆಡ್ 2. ಉಳಿದಿದ್ದು 12 ಜೀನ್.

ಎರಡು ಇಲಿ ಮೇಲೆ ಪೇಪರ್ ಬರೆಯೋಕಾಗಲ್ಲ ಅಂದ್ರು ಮೇಡಂ, ಸರಿಯಾದ ಮಾತು. ಪಟ್ಟಿಯಿಂದ 6 ಜೀನ್ ಆರಿಸಿದೀವಿ, ಟ್ರೀಟೆಡ್ ಎರಡು ಇಲಿಯಲ್ಲೂ ಒಂದೇ ದಿಕ್ಕಿಗೆ ಹೋಗಿರೋವು ಮಾತ್ರ. ಹೊಸ ಇಲಿಗಳಿಂದ ಬಿ ಸೆಲ್ ಬೇರ್ಪಡಿಸಿ ಕ್ಯೂಪಿಸಿಆರ್ (ಒಂದೊಂದು ಜೀನ್ ಎಷ್ಟು ಕೆಲಸ ಮಾಡ್ತಿದೆ ಅಂತ ಅಳೆಯೋ ಲ್ಯಾಬ್ ಪರೀಕ್ಷೆ) ಮಾಡಬೇಕು. ಈ ಸಲ ಗಂಡು ಹೆಣ್ಣು ಎರಡೂ ಗುಂಪಲ್ಲಿ ಸಮ ಇರ್ತವೆ, ಡಿಸೆಕ್ಷನ್ ದಿನ ಪ್ರತಿ ಇಲಿನೂ ನಾನೇ ನೋಡಿ ಬರ್ಕೋತೀನಿ ಅಂತ ಹೇಳಿದೀನಿ. ಪ್ರೈಮರ್ (ಆ ಪರೀಕ್ಷೆಗೆ ಬೇಕಾದ ಡಿಎನ್‌ಎ ತುಣುಕು) ಆರ್ಡರ್ ಸೋಮವಾರ ಹೋಗುತ್ತೆ, ಆ ಆರು ಜೊತೆಗೆ ಏಳನೇದಾಗಿ ಎಕ್ಸಿಸ್ಟ್‌ಗೂ ಒಂದು ಜೋಡಿ ಸೇರಿಸಿದೀನಿ.